ಇಂಟರ್‌ನೆಟ್ ಬಂದರೆ ಬಡತನ ಹೋಗುತ್ತದೆಯೇ?

1997ರ ಜನವರಿ 14ರ ಬೆಳಗ್ಗೆ ಉತ್ತರ ಕೇರಳದ ವಡಕರ ಕಡಲತೀರದಲ್ಲಿ 11 ಮಂದಿ ಮೀನುಗಾರರು, ಕೊಳ್ಳುವವರಿಲ್ಲದೆ, ಹಿಡಿದು ತಂದ ಮೀನನ್ನು ಎಸೆದುಬಿಡುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿನಲ್ಲಿ ಅಲ್ಲಿಂದ 15 ಕಿಲೋಮೀಟರ್ ಒಳಗಿನ ಬೇರೆ ತೀರಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಡಲಿದ್ದರು. ದೋಣಿಯಲ್ಲಿ ಹೋದರೆ ಅರ್ಧ ಗಂಟೆಯ ದಾರಿ. ಆದರೆ ಇವರಿಗೆ ಅವರ ಸುದ್ದಿ ಗೊತ್ತಿಲ್ಲ, ಅವರಿಗೆ ಇವರದು ಗೊತ್ತಿಲ್ಲ.

ಇದನ್ನು ದಾಖಲಿಸಿದವರು ರಾಬರ್ಟ್ ಜೆನ್ಸನ್ ಎಂಬ ಅಮೇರಿಕದ ಅರ್ಥಶಾಸ್ತ್ರಜ್ಞ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ 15 ಕಡಲತೀರದ ಮಾರುಕಟ್ಟೆಗಳಲ್ಲಿ, 1996ರಿಂದ 2001ರ ತನಕ, ವಾರ ವಾರವೂ 300 ದೋಣಿಗಳ ಲೆಕ್ಕ ಬರೆಸಿ, 2007ರಲ್ಲಿ ಪ್ರಕಟಿಸಿದರು. ಮೀನು ಯಾವುದೆಂದರೆ ಮತ್ತಿ, ನಮ್ಮ ಕರಾವಳಿಯವರು ಬೂತಾಯಿ ಎನ್ನುವುದು. ಬಡವನ ಮೀನು. ಬೇಗ ಹಾಳಾಗುತ್ತದೆ, ತೀರದ ಮಾರುಕಟ್ಟೆ ಬೆಳಗ್ಗೆ ಕೆಲವೇ ಗಂಟೆ ನಡೆಯುತ್ತದೆ, ಒಂದು ತೀರದಲ್ಲಿ ಇಳಿಸಿದ ಮೇಲೆ ಇನ್ನೊಂದು ತೀರಕ್ಕೆ ಹೋಗಲು ಸಮಯವೂ ಇಲ್ಲ, ಡೀಸೆಲೂ ಇಲ್ಲ. ಹಾಗಾಗಿ ಹೆಚ್ಚು ಕಡಿಮೆ ಎಲ್ಲರೂ ತಮ್ಮ ಊರಿನ ತೀರದಲ್ಲೇ ಮಾರುತ್ತಿದ್ದರು. ಒಂದು ತೀರದಲ್ಲಿ ಕಿಲೋಗೆ ಏಳೆಂಟು ರೂಪಾಯಿ ಇದ್ದರೆ ಪಕ್ಕದಲ್ಲಿ ಕೇಳುವವರೇ ಇಲ್ಲ. ದಿನದ ಮೀನಿನಲ್ಲಿ ಶೇಕಡಾ 5ರಿಂದ 8ರಷ್ಟು ಹಾಳಾಗಿ ಹೋಗುತ್ತಿತ್ತು.

1997ರ ಆರಂಭದಲ್ಲಿ ಕೋಯಿಕ್ಕೋಡ್‌ಗೆ, 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ ಮೊಬೈಲ್ ಗೋಪುರ ಬಂತು. ಗೋಪುರಗಳು ದಡಕ್ಕೆ ಹತ್ತಿರ ಇದ್ದುದರಿಂದ ಸಮುದ್ರದೊಳಗೆ 20-25 ಕಿಲೋಮೀಟರ್ ದೂರದ ತನಕ ಸಿಗ್ನಲ್ ಸಿಗುತ್ತಿತ್ತು. ಆ ಕಾಲದ ಮೊಬೈಲ್ ಎಂದರೆ ಇಟ್ಟಿಗೆಯಂಥದ್ದು, ಬಂದ ಕರೆಗೂ ದುಡ್ಡು ತೆರಬೇಕಿತ್ತು. ಆದರೂ 2001ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ದೋಣಿಗಳಲ್ಲಿ ಮೊಬೈಲ್ ಇತ್ತು. ಬಲೆ ಎಳೆದ ಮೇಲೆ ದೋಣಿಯಿಂದಲೇ ನಾಲ್ಕಾರು ತೀರಗಳಿಗೆ ಕರೆ ಮಾಡಿ, ದರ ಕೇಳಿ, ಎಲ್ಲಿ ಹೆಚ್ಚು ಸಿಗುತ್ತದೋ ಅಲ್ಲಿಗೆ ದೋಣಿ ತಿರುಗಿಸತೊಡಗಿದರು. ಪರಿಣಾಮವೇನು? ತೀರ ತೀರಗಳ ನಡುವಿನ ದರದ ಅಂತರ ಕುಸಿಯಿತು. ಮೀನು ಎಸೆಯುವುದು ನಿಂತೇಹೋಯಿತು. ಮೀನುಗಾರನ ಲಾಭ ಸುಮಾರು ಶೇಕಡಾ 8 ಹೆಚ್ಚಿತು, ಮೀನು ಕೊಳ್ಳುವ ಬಡ ಮನೆಯವರು ತೆರುವ ದರ ಸುಮಾರು ಶೇಕಡಾ 4 ಇಳಿಯಿತು. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಲಾಭ. ವ್ಯಾಪಾರದಲ್ಲಿ ಇಂಥದ್ದು ಆಗುವುದು ಅಪರೂಪ. ಹಿಂದೆ ಹಾಳಾಗುತ್ತಿದ್ದ ಮೀನು ಈಗ ಯಾರದೋ ಮನೆಯ ಸಾರಿಗೆ ಬಿದ್ದದ್ದರಿಂದ ಆದ ಲಾಭ ಅದು.

ಇದು ಬರೀ ಮೊಬೈಲ್ ಕರೆಯ ಕಥೆ, ಇಂಟರ್‌ನೆಟ್ಟಿನದಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಇಂಟರ್‌ನೆಟ್ ಬಡ ದೇಶಗಳಲ್ಲಿ ಏನು ಮಾಡುತ್ತದೆ ಎಂಬುದನ್ನು ಅರಿಯಲು ಇಷ್ಟು ಚೊಕ್ಕವಾದ ಉದಾಹರಣೆ ಇನ್ನೊಂದಿಲ್ಲ. ದರ ಗೊತ್ತಿಲ್ಲದವನು ಸೋಲುತ್ತಾನೆ, ಗೊತ್ತಾದಾಗ ಅವನ ಸೋಲು ತಪ್ಪುತ್ತದೆ.

ಈ ಮಾತು ನಮ್ಮ ಓದುಗರಿಗೆ ಹೊಸತಲ್ಲ. ಹಳ್ಳಿಯಿಂದ ಸರಕು ಹೇರಿಕೊಂಡು ಬರುವ ಸವಾರರನ್ನು ಮಾರುಕಟ್ಟೆ ತಲುಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ಖರೀದಿಸುವುದನ್ನು ಪ್ರವಾದಿ(ಸ) ನಿಷೇಧಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಪೇಟೆಯಲ್ಲಿ ಇಂದಿನ ದರವೇನೆಂದು ಆ ಹಳ್ಳಿಗನಿಗೆ ಗೊತ್ತಿಲ್ಲ, ದಾರಿಗೆ ಹೋಗಿ ನಿಂತವನಿಗೆ ಗೊತ್ತಿದೆ. ಇಬ್ಬರೂ ಒಪ್ಪಿಯೇ ವ್ಯಾಪಾರ ಮಾಡಿರಬಹುದು, ಆದರೆ ಒಬ್ಬನ ಒಪ್ಪಿಗೆ ಕತ್ತಲಲ್ಲಿ ಕೊಟ್ಟದ್ದು. ಮುಸ್ಲಿಮ್‌ನ ವರದಿಯೊಂದರಲ್ಲಿ ಇನ್ನೂ ಒಂದು ಅಂಶವಿದೆ. ಹಾಗೆ ಮಾರಿದವನು ಮಾರುಕಟ್ಟೆಗೆ ಬಂದು ದರ ತಿಳಿದ ಮೇಲೆ ಆ ವ್ಯಾಪಾರವನ್ನು ಉಳಿಸಿಕೊಳ್ಳುವ ಅಥವಾ ರದ್ದು ಮಾಡುವ ಆಯ್ಕೆ ಅವನಿಗಿದೆ. ದರ ತಿಳಿಯುವುದು ಒಂದು, ತಿಳಿದ ಮೇಲೆ ‘ಬೇಡ’ ಎನ್ನುವ ಅವಕಾಶ ಇರುವುದು ಇನ್ನೊಂದು. ಈ ಎರಡನೆಯದನ್ನು ನಾವು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಇಂಟರ್‌ನೆಟ್ಟಿನ ಬಗ್ಗೆ ಮಾತನಾಡುವ ಬಹಳಷ್ಟು ಜನ ಮೊದಲನೆಯದಕ್ಕೇ ನಿಲ್ಲುತ್ತಾರೆ.

ಮಹಾರಾಷ್ಟ್ರದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಒಂದು ಸಂಸ್ಥೆ ರೈತರ ಮೊಬೈಲಿಗೆ ದಿನವೂ ಬೆಳೆಗಳ ಧಾರಣೆ, ಹವಾಮಾನ, ಕೃಷಿ ಸಲಹೆ ಕಳಿಸುತ್ತಿತ್ತು. ಇದರಿಂದ ಎಷ್ಟು ಉಪಕಾರವಾಯಿತು ಎಂದು 100 ಹಳ್ಳಿಗಳಲ್ಲಿ ಪರೀಕ್ಷೆ ನಡೆಯಿತು. ಕೆಲವು ಹಳ್ಳಿಗಳಿಗೆ ಸಂದೇಶ ಸೇವೆ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೈತನಿಗೆ ಸಿಕ್ಕ ದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅದೇ ಮಧ್ಯಪ್ರದೇಶದಲ್ಲಿ 2000ದಿಂದ ಐಟಿಸಿ ಕಂಪೆನಿ ಹಳ್ಳಿಗಳಲ್ಲಿ ‘ಇ-ಚೌಪಾಲ್’ ಎಂಬ ಇಂಟರ್‌ನೆಟ್ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಸೋಯಾ ಅವರೆಯ ದರ ನೋಡಬಹುದಿತ್ತು. ಇಲ್ಲಿ ದರ ಶೇಕಡಾ 1ರಿಂದ 3ರಷ್ಟು ಏರಿತು, ಸೋಯಾ ಬಿತ್ತುವ ಪ್ರದೇಶವೂ ಹೆಚ್ಚಿತು.

ಎರಡೂ ಕಡೆ ದರದ ಸುದ್ದಿ ಬಂದಿತ್ತು. ವ್ಯತ್ಯಾಸವೆಲ್ಲಿ? ನಮಗೆ ತೋರುವಂತೆ, ಮಧ್ಯಪ್ರದೇಶದಲ್ಲಿ ಸುದ್ದಿಯ ಜೊತೆಗೆ ಇನ್ನೊಬ್ಬ ಖರೀದಿದಾರನೂ ಬಂದಿದ್ದ. ಕಂಪೆನಿ ತಾನೇ ನೇರ ಖರೀದಿಗೆ ನಿಂತಿತ್ತು. ಮಂಡಿಯ ವ್ಯಾಪಾರಿ ಕಡಿಮೆ ಕೇಳಿದರೆ ರೈತ ಗಾಡಿ ತಿರುಗಿಸಬಹುದಿತ್ತು, ಅದು ಮಂಡಿಯವನಿಗೂ ಗೊತ್ತಿತ್ತು. ಎಲ್ಲಿ ರೈತ ಬಿತ್ತನೆಗೆ ಮುಂಚೆಯೇ ದಲ್ಲಾಳಿಯಿಂದ ಮುಂಗಡ ಪಡೆದು, ಬೆಳೆ ಅವನಿಗೇ ಕೊಡಬೇಕೆಂಬ ಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತಾನೋ, ಅಲ್ಲಿ ಜೇಬಿನಲ್ಲಿ ಹತ್ತು ಮಂಡಿಗಳ ಧಾರಣೆ ಇದ್ದರೂ ಏನು ಮಾಡಿಯಾನು? ಮೀನುಗಾರಿಕೆಯಲ್ಲೂ ಹೀಗೆಯೇ. ದೋಣಿಗೆ, ಬಲೆಗೆ ಸಾಲ ಕೊಟ್ಟವನಿಗೇ ಮೀನು ಕೊಡಬೇಕಾದ ಕಡೆ ಮೊಬೈಲ್ ಬಂದರೂ ದೋಣಿ ತಿರುಗಲಾರದು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ, ಇದನ್ನು ನಮ್ಮವರಿಗಿಂತ ಹೊರಗಿನವರೇ ಹೆಚ್ಚು ಬಲ್ಲರು. 2014ರಿಂದ ಕರ್ನಾಟಕದ ಎಪಿಎಂಸಿ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ಹರಾಜು ವೇದಿಕೆಗೆ ಜೋಡಿಸುವ ಕೆಲಸ ಶುರುವಾಯಿತು. ರೈತ ತಂದ ಮೂಟೆಗಳಿಗೆ ಲಾಟ್ ಸಂಖ್ಯೆ ಕೊಟ್ಟು, ವ್ಯಾಪಾರಿಗಳು ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಒಂದೇ ಪರವಾನಗಿಯಲ್ಲಿ ಬೇರೆ ಊರಿನ ಮಾರುಕಟ್ಟೆಯ ವ್ಯಾಪಾರಿಯೂ ಕೂಗಬಹುದು. ಯಾರು ಎಷ್ಟು ಹಾಕಿದರೆಂದು ಪರಸ್ಪರ ಕಣ್ಸನ್ನೆ ಮಾಡಿಕೊಳ್ಳಲು ಬರುವುದಿಲ್ಲ. ಗೆದ್ದ ದರ ಒಪ್ಪಿಗೆಯಾಗದಿದ್ದರೆ ರೈತ ನಿರಾಕರಿಸಬಹುದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರಿಂದ ಭತ್ತದ ದರ ಸರಾಸರಿ ಶೇಕಡಾ 5.1, ನೆಲಗಡಲೆಯದು 3.6, ಮೆಕ್ಕೆಜೋಳದ್ದು 3.5 ಏರಿತೆಂದು ಕಂಡುಕೊಂಡಿತು. ಎಲ್ಲ ಬೆಳೆಗೂ ಒಂದೇ ರೀತಿ ಲಾಭವಾಗಲಿಲ್ಲ. ಕಾಣಲು ಸಣ್ಣ ಅಂಕಿಗಳೇ. ಆದರೆ ಖರ್ಚೆಲ್ಲ ಕಳೆದು ಕೈಗುಳಿಯುವುದೇ ಅಲ್ಪವಾಗಿರುವ ರೈತನಿಗೆ ದರದ ಮೇಲಿನ ಐದು ಶೇಕಡಾ ಎಂದರೆ ಅದೇ ಅವನ ಉಳಿತಾಯ.

ಇನ್ನು ಉದ್ಯೋಗದ ವಿಷಯ. 2009ಕ್ಕಿಂತ ಮೊದಲು ಪೂರ್ವ ಆಫ್ರಿಕಾದ ಕೀನ್ಯಾ, ತಾನ್ಜಾನಿಯಾಗಳಿಗೆ ಇಂಟರ್‌ನೆಟ್ ಬರುತ್ತಿದ್ದುದು ಉಪಗ್ರಹದ ಮೂಲಕ. ನಿಧಾನ, ವಿಪರೀತ ದುಬಾರಿ. 2009-10ರಲ್ಲಿ ಕಡಲ ತಳದ ಕೇಬಲುಗಳು ಆ ಕರಾವಳಿಗೆ ಬಂದು ತಲುಪಿದವು. ಆಮೇಲಿನ ವರ್ಷಗಳ ಲೆಕ್ಕ ತೆಗೆದ ಯೊನಾಸ್ ಹ್ಯೋರ್ಟ್ ಮತ್ತು ಯೊನಾಸ್ ಪೌಲ್ಸೆನ್, ಆಫ್ರಿಕಾದಲ್ಲಿ ವೇಗದ ಇಂಟರ್‌ನೆಟ್ ತಲುಪಿದ ಊರುಗಳಲ್ಲಿ ಕೆಲಸದಲ್ಲಿರುವವರ ಪ್ರಮಾಣ ಹೆಚ್ಚಿದ್ದನ್ನು ತೋರಿಸಿದರು. ಹೆಚ್ಚು ಓದದವರಿಗೂ ಅದರಲ್ಲಿ ಪಾಲು ಸಿಕ್ಕಿತ್ತು, ಬೇರೆ ಊರಿನ ಕೆಲಸ ಕಿತ್ತುಕೊಂಡದ್ದೂ ಅಷ್ಟಾಗಿ ಕಾಣಲಿಲ್ಲ. ಅದೇ ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆಯ ಬಗ್ಗೆ 2016ರಲ್ಲಿ ಬಂದ ಅಧ್ಯಯನ, ಅದರಿಂದ 1,94,000 ಕುಟುಂಬಗಳು ಕಡು ಬಡತನದಿಂದ ಮೇಲೆ ಬಂದವೆಂದು ಅಂದಾಜಿಸಿದೆ. ಇದಕ್ಕೆ ಸ್ಮಾರ್ಟ್‌ಫೋನ್ ಕೂಡ ಬೇಕಿರಲಿಲ್ಲ, ಸಾಧಾರಣ ಕೀಪ್ಯಾಡ್ ಮೊಬೈಲ್ ಸಾಕಾಗಿತ್ತು. ಹೆಚ್ಚಿನ ಉಪಕಾರವಾದದ್ದು ಹೆಂಗಸರೇ ಯಜಮಾನಿಕೆ ಹೊತ್ತ ಮನೆಗಳಿಗೆ. ಕೈಯಲ್ಲಿ ತನ್ನದೇ ಹಣ, ಅದಕ್ಕೆ ತನ್ನದೇ ಗುಪ್ತ ಸಂಖ್ಯೆ. ಹೊಟ್ಟೆಪಾಡಿನ ಬೇಸಾಯ ಬಿಟ್ಟು ಸಣ್ಣ ವ್ಯಾಪಾರಕ್ಕೆ ಇಳಿದ ಹೆಂಗಸರೇ ಒಂದೂವರೆ ಲಕ್ಷಕ್ಕೂ ಹೆಚ್ಚು.

ಹಣ ಕಳಿಸುವ ವಿಷಯ ಬಂದಾಗ ಭಟ್ಕಳ, ಉಡುಪಿ, ಮಂಗಳೂರು ಕಡೆಯ ನಮ್ಮ ಮನೆಗಳಿಗೆ ಗಲ್ಫಿನ ನೆನಪಾಗದೆ ಇರದು. ಒಂದು ಕಾಲಕ್ಕೆ ಅಲ್ಲಿಂದ ಬರುವವರ ಕೈಯಲ್ಲಿ ಕಾಗದ, ಕ್ಯಾಸೆಟ್. ಆಮೇಲೆ ಎಸ್‌ಟಿಡಿ ಬೂತಿನ ಮುಂದೆ ಕಾಯುವುದು. ಈಗ ಮಗು ಹುಟ್ಟಿದ ಗಳಿಗೆಯಲ್ಲೇ ಬಾಪ ಅದರ ಮುಖ ನೋಡುತ್ತಾನೆ. ಹಣವೂ ಕ್ಷಣದಲ್ಲಿ ಬರುತ್ತದೆ, ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಲ್ಲುವುದಕ್ಕಿಂತ ಮೊಬೈಲಿನಲ್ಲಿ ಕಳಿಸಿದರೆ ಸಾಮಾನ್ಯವಾಗಿ ಖರ್ಚೂ ಕಡಿಮೆ. ಜಗತ್ತಿನಲ್ಲಿ ಹೀಗೆ ಮನೆಗೆ ಹಣ ಕಳಿಸಲು ಈಗಲೂ ಸರಾಸರಿ ಶೇಕಡಾ 6ರಷ್ಟು ಸೋರಿಹೋಗುತ್ತದೆ, 2030ಕ್ಕೆ ಅದನ್ನು 3ಕ್ಕಿಂತ ಕೆಳಗೆ ತರಬೇಕೆಂಬುದು ವಿಶ್ವಸಂಸ್ಥೆಯ ಗುರಿ. ದುಡಿದವನ ಬೆವರಿನಲ್ಲಿ ಅರ್ಧ ಉಳಿತಾಯವಾದರೆ ಅದು ಯಾವ ಸಹಾಯಧನಕ್ಕೂ ಕಡಿಮೆಯಲ್ಲ.

ಹಾಗಿದ್ದರೆ ಗೋಪುರ ನೆಟ್ಟು, ಮೊಬೈಲ್ ಹಂಚಿದರೆ ಮುಗಿಯಿತೇ? ಪೆರು ದೇಶ ಹಾಗೆ ಭಾವಿಸಿ, ‘ಪ್ರತಿ ಮಗುವಿಗೆ ಒಂದು ಲ್ಯಾಪ್‌ಟಾಪ್’ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಲ್ಯಾಪ್‌ಟಾಪುಗಳ ರಾಶಿಯನ್ನೇ ಕಳಿಸಿತು. 319 ಶಾಲೆಗಳಲ್ಲಿ ಪರೀಕ್ಷಿಸಿ ನೋಡಿದರೆ ಮಕ್ಕಳ ಗಣಿತದಲ್ಲೂ ಭಾಷೆಯಲ್ಲೂ ಏನೂ ಸುಧಾರಣೆ ಇರಲಿಲ್ಲ. ಹೇಳಿಕೊಡುವವರಿಲ್ಲದ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಉಳಿಯಿತು.

2024ರ ಲೆಕ್ಕದಲ್ಲಿ ಜಗತ್ತಿನ 260 ಕೋಟಿ ಜನ ಇಂಟರ್‌ನೆಟ್ಟಿನ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 93 ಮಂದಿ ಒಳಗಿದ್ದರೆ ಕಡು ಬಡ ದೇಶಗಳಲ್ಲಿ 27 ಮಂದಿ. ಹೊರಗಿರುವ ಇವರೆಲ್ಲ ಸಿಗ್ನಲ್ ಇಲ್ಲದ ಕಾಡಿನಲ್ಲಿದ್ದಾರೆಂದು ತಿಳಿಯಬೇಡಿ. ಹೆಚ್ಚಿನವರ ಊರಿಗೆ ಮೊಬೈಲ್ ಇಂಟರ್‌ನೆಟ್ ಆಗಲೇ ತಲುಪಿದೆ. ಮೊಬೈಲ್ ಕೊಳ್ಳಲು ದುಡ್ಡಿಲ್ಲ, ಬಳಸಲು ಬರುವುದಿಲ್ಲ, ತಮ್ಮ ಭಾಷೆಯಲ್ಲಿ ಅಲ್ಲೇನೂ ಇಲ್ಲ, ಅಥವಾ ಮನೆಯಲ್ಲಿ ಬಿಡುವುದಿಲ್ಲ.

ಈ ಕೊನೆಯ ಕಾರಣದ ಮೇಲೆ ನಾವು ಸ್ವಲ್ಪ ನಿಲ್ಲಬೇಕು.

ಭಾರತದಲ್ಲಿ 2016ರ ನಂತರ ಡೇಟಾದ ಬೆಲೆ ಬಿದ್ದ ರೀತಿ ಜಗತ್ತಿನಲ್ಲಿ ಎಲ್ಲೂ ಬಿದ್ದಿರಲಿಲ್ಲ. ಅದಕ್ಕೆ ಮೊದಲು ಒಂದು ಜಿಬಿಗೆ 200 ರೂಪಾಯಿಗೂ ಮೀರಿದ್ದದ್ದು ಕೆಲವೇ ವರ್ಷಗಳಲ್ಲಿ 10 ರೂಪಾಯಿಯ ಆಸುಪಾಸಿಗೆ ಬಂತು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಇಂಟರ್‌ನೆಟ್ ಬಳಸಿದ್ದೇನೆ ಎಂದ ಗಂಡಸರು ನೂರಕ್ಕೆ 57, ಹೆಂಗಸರು 33. ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು 54. ಗೋಪುರ ಅದೇ, ದರ ಅದೇ, ಮನೆಯೂ ಅದೇ. ಆದರೂ ಗಂಡಸಿಗೂ ಹೆಂಗಸಿಗೂ ಇಷ್ಟು ಅಂತರ. ಇದನ್ನು ಸರಕಾರದ ಮೇಲೆ ಹೊರಿಸಲು ಬರುವುದಿಲ್ಲ.

ಇದರ ಫಲ ಎಲ್ಲಿ ಕಾಣುತ್ತದೆಂದರೆ ಗ್ರಾಮ ಒನ್ ಕೇಂದ್ರದ ಮುಂದೆ, ಸೈಬರ್ ಅಂಗಡಿಯ ಮುಂದೆ. ಇಂದು ವಿದ್ಯಾರ್ಥಿವೇತನ, ಆದಾಯ ಮತ್ತು ಜಾತಿ ಪ್ರಮಾಣಪತ್ರ, ಪಿಂಚಣಿ, ರೇಷನ್ ಕಾರ್ಡಿನ ಇ-ಕೆವೈಸಿ ಎಲ್ಲವೂ ಆನ್‌ಲೈನ್. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ, ಖಾತೆ ಆಧಾರಿಗೆ ಜೋಡಣೆಯಾಗಿರಬೇಕು. ಆಕೆ ಅರ್ಜಿ ಹಿಡಿದು ಹೋಗುತ್ತಾಳೆ. ‘ಒಟಿಪಿ ಬಂತಾ ಅಮ್ಮಾ’ ಎಂದು ಅಂಗಡಿಯವನು ಕೇಳುತ್ತಾನೆ. ಒಟಿಪಿ ಬಂದದ್ದು ದಮ್ಮಾಮಿನಲ್ಲಿರುವ ಗಂಡನ ಹಳೆಯ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ಸತ್ತುಹೋಗಿದೆ. ಹಾಗೆ ನಿಂತ ನಂಬರನ್ನು ಕಂಪೆನಿ ಬೇರೆಯವರಿಗೆ ಕೊಟ್ಟಿರಲೂಬಹುದು. ಆಧಾರಿನ ನಂಬರ್ ಬದಲಿಸಲು ಬೆರಳಚ್ಚು ಕೊಟ್ಟು ಬರಬೇಕು, ಒಂದು ದಿನದ ಕೂಲಿ ಹೋಯಿತು. ಮರುದಿನ ಬಂದರೆ ಸರ್ವರ್ ಡೌನ್. ಇಂಟರ್‌ನೆಟ್ ಇದ್ದವನಿಗೆ ಸರಕಾರ ಮನೆ ಬಾಗಿಲಿಗೆ ಬಂದಿದೆ, ಇಲ್ಲದವಳಿಗೆ ಅದು ಮೊದಲಿಗಿಂತ ದೂರ ಹೋಗಿದೆ. ಹಿಂದೆ ಗುಮಾಸ್ತನ ಮುಂದೆ ನಿಂತು ಅಂಗಲಾಚಬಹುದಿತ್ತು. ಪರದೆಯ ಮುಂದೆ ಅಂಗಲಾಚಲು ಬರುವುದಿಲ್ಲ.

ಹೆಣ್ಣುಮಕ್ಕಳ ಕೈಗೆ ಮೊಬೈಲ್ ಕೊಡಬಾರದೆನ್ನುವವರ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಅಲ್ಲಿ ಕೊಳಕು ಇದೆ, ಬೆದರಿಸಿ ಹಣ ಕೀಳುವವರಿದ್ದಾರೆ. ಆದರೆ ಅದೇ ಮೊಬೈಲ್ ಅದೇ ಮನೆಯ ಗಂಡು ಹುಡುಗನ ಕೈಯಲ್ಲಿ ರಾತ್ರಿ ಎರಡು ಗಂಟೆಯ ತನಕ ಇರುವುದನ್ನು ಯಾರೂ ಕೇಳುವುದಿಲ್ಲ. ಆನ್‌ಲೈನ್ ಜೂಜಿಗೂ ಸಾಲದ ಆ್ಯಪಿಗೂ ಬಲಿಯಾಗುತ್ತಿರುವವರಲ್ಲಿ ಇಂಥ ಹುಡುಗರೇ ಬಹಳ. ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು 2021ರಲ್ಲಿ ಸಾಲದ ಆ್ಯಪ್‌ಗಳನ್ನು ಹುಡುಕಿದಾಗ ಸಿಕ್ಕ ಸುಮಾರು 1100ರಲ್ಲಿ 600 ಅಕ್ರಮದ್ದಾಗಿದ್ದವು. ಬಡ್ಡಿಯ ಪಾಪ ಒಂದೆಡೆ ಇರಲಿ, ಮೊಬೈಲಿನಲ್ಲಿರುವ ಬಂಧುಗಳ ನಂಬರುಗಳನ್ನೆಲ್ಲ ಕದ್ದು ಅವರಿಗೆ ಕರೆ ಮಾಡಿ ಮಾನ ಹರಾಜು ಹಾಕುವುದು ಇವರ ವಸೂಲಿಯ ವಿಧಾನ.

ಇನ್ನೊಂದು ಅಪಾಯವನ್ನು ನಮ್ಮ ರಾಜ್ಯ ರಕ್ತ ತೆತ್ತು ಕಲಿತಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಹೈದರಾಬಾದಿನಿಂದ ಬಂದು ಮಕ್ಕಳಿಗೆ ಚಾಕಲೇಟ್ ಕೊಟ್ಟ ಯುವಕರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದರು, ಒಬ್ಬರು ತೀರಿಕೊಂಡರು. ಅವರ ಕಾರು ಮುಂದೆ ಹೋಗುವ ಮೊದಲೇ ವಾಟ್ಸಾಪ್‌ನಲ್ಲಿ ಸುದ್ದಿ ಮುಂದೆ ಹೋಗಿತ್ತು. ಆ ತಿಂಗಳುಗಳಲ್ಲಿ ದೇಶವಿಡೀ ಓಡಾಡಿದ ‘ಮಗು ಅಪಹರಣ’ದ ಒಂದು ವೀಡಿಯೋ ಅಸಲಿಗೆ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ್ದು, ಕೊನೆಯ ಭಾಗ ಕತ್ತರಿಸಿ ಹಂಚಿದ್ದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗೆ ಮಾತ್ರ ದಾಟಿಸುವ ಮಿತಿ ಹಾಕಿತು. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಜನರಿಗೆ ಹಾನಿ ಮಾಡಬಾರದೆಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನಲ್ಲಿ ಇರುವುದನ್ನು ನಮ್ಮ ಗ್ರೂಪುಗಳ ಅಡ್ಮಿನ್‌ಗಳಿಗೆ ನೆನಪಿಸಬೇಕಾಗಿ ಬಂದಿರುವುದು ವಿಚಿತ್ರವೇ ಸರಿ.

ಸುಳ್ಳು ಹಬ್ಬುತ್ತದೆಂದು ಇಂಟರ್‌ನೆಟ್ಟನ್ನೇ ಕಡಿದರೆ? ಜಮ್ಮು ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ಕಡಿದದ್ದು, 2020ರ ಜನವರಿಯಲ್ಲಿ ನಿಧಾನಗತಿಯ 2ಜಿ ಆಗಿ ಮರಳಿ, 4ಜಿ ಪೂರ್ತಿ ಬರಲು 2021ರ ಫೆಬ್ರವರಿ ಆಯಿತು. ನಡುವೆ ಕೊರೊನಾ ಬಂದು ಶಾಲೆಗಳೆಲ್ಲ ಆನ್‌ಲೈನ್ ಆದಾಗ ಅಲ್ಲಿನ ಮಕ್ಕಳಿಗೆ ಇದ್ದದ್ದು 2ಜಿ. ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಇಂಟರ್‌ನೆಟ್ ಮೂಲಕ ಮಾತನಾಡುವುದೂ ವ್ಯಾಪಾರ ಮಾಡುವುದೂ ಸಂವಿಧಾನದ ರಕ್ಷಣೆ ಪಡೆದಿವೆ, ಅನಿರ್ದಿಷ್ಟ ಕಾಲ ಕಡಿತ ಸಲ್ಲದು ಎಂದು ಹೇಳಿತು.

ಅದಕ್ಕೂ ನಾಲ್ಕು ತಿಂಗಳ ಮುಂಚೆ ಕೇರಳ ಹೈಕೋರ್ಟಿನಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರ ತನಕ ಮೊಬೈಲ್ ಬಳಸಬಾರದೆಂಬ ನಿಯಮ. ಓದಿನ ಹೊತ್ತು, ಆದ್ದರಿಂದ ನಿಷೇಧ. ‘ನನ್ನ ಓದೇ ಮೊಬೈಲಿನಲ್ಲಿದೆ’ ಎಂಬುದು ಬಿ.ಎ. ಓದುತ್ತಿದ್ದ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳ ವಾದ. ನಿಯಮ ಒಪ್ಪದ ಆಕೆಯನ್ನು ಹಾಸ್ಟೆಲಿನಿಂದ ಹೊರಹಾಕಿದರು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿದ ನ್ಯಾಯಾಲಯ ಆಕೆಯನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಮಗಳ ಪರವಾಗಿ ತಂದೆಯೂ ನಿಂತಿದ್ದರು ಎಂಬುದು ಇಲ್ಲಿ ನಮ್ಮ ಗಮನ ಸೆಳೆದ ಸಂಗತಿ.

ನಮ್ಮ ಜಮಾಅತ್‌ಗಳ ಮಟ್ಟದಲ್ಲಿ ಆಗಬಹುದಾದ್ದು ದೊಡ್ಡ ಕೆಲಸವೇನಲ್ಲ. ಮದ್ರಸ ಬಿಟ್ಟ ಮೇಲೆ ಖಾಲಿ ಇರುವ ಒಂದು ಕೋಣೆ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ವಾರದಲ್ಲಿ ಎರಡು ಸಂಜೆ ಹೆಂಗಸರಿಗೇ ಮೀಸಲು, ಕುಳಿತು ಹೇಳಿಕೊಡಲು ಮಹಲ್ಲಾದ ಪದವಿ ಓದಿದ ಇಬ್ಬರು ಹೆಣ್ಣುಮಕ್ಕಳು, ಅವರಿಗೆ ಗೌರವಧನ. ಅರ್ಜಿ ತುಂಬಿ ಕೊಡುವುದಲ್ಲ, ತುಂಬುವುದನ್ನು ಕಲಿಸುವುದು. ಮೊದಲ ಸಂಜೆ ಮಾಡಬೇಕಾದ ಕೆಲಸ ಒಂದೇ: ಬಂದ ಪ್ರತಿಯೊಬ್ಬಳ ಆಧಾರಿಗೆ ಯಾರ ನಂಬರ್ ಜೋಡಣೆಯಾಗಿದೆ, ಆ ಸಿಮ್ ಈಗ ಯಾರ ಕೈಯಲ್ಲಿದೆ ಎಂದು ಬರೆದುಕೊಳ್ಳುವುದು.